ತುಳಿದರೆ ನುಡಿಯುವ ಪಿಯಾನೋ

"ಅಯ್ಯೋ... ದೆವ್ವ!"

ಅರ್ಪಿತ ಕಿರುಚಿದಳು. ಪಿಯಾನೋ ಮುಂದೆ ಕೂತಿದ್ದವನ ಎರಡೂ ಕೈ ತೊಡೆಯ ಮೇಲಿದ್ದವು. ಆದರೂ ಅದರ ಕೀಗಳು ತಮ್ಮಷ್ಟಕ್ಕೇ ಕುಣಿಯುತ್ತಿದ್ದವು!

"ಎದರ್ಕೋಬ್ಯಾಡಿ ಮೇಡಂ," ಯತೀಶ್ ನಕ್ಕ. "ಕಾಲಲ್ಲಿ ತಿದಿ ತುಳುದ್ರೆ ತೂತಿನ ಕಾಗದದ ಸುರುಳಿ ತಿರುಗ್ತದೆ, ಪಿಯಾನೋ ತಾನೇ ನುಡೀತದೆ. ನೂರು ವರ್ಸದ್ದು. ಕೂತ್ಕಳಿ, ನೀವೇ ನೋಡಿ."

ಮಳವಳ್ಳಿ ಹೈಸ್ಕೂಲಿಗೆ ಡ್ರಾಯಿಂಗ್ ಟೀಚರಾಗಿ ಬಂದಿದ್ದ ಅವಳು, ಸಂಗೀತ ಕೇಳಿ ಒಳಗೆ ಇಣುಕಿದ್ದಳು. ಅವನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಹಿಂದಿನ ಗೋಡೌನಿನ ತುಂಬ ಇಂಥವೇ ಪಿಯಾನೋಗಳು.

ಅರ್ಪಿತ ಅಳುಕುತ್ತಲೇ ತುಳಿದಳು. ಮೆಲ್ಲಗೆ ತುಳಿದರೆ ಮೆಲುದನಿ, ಒತ್ತಿದರೆ ಅಬ್ಬರ!

'ಇದನ್ನು ನುಡಿಸುತ್ತಿರುವುದು... ನಾನೇನಾ?'

ಅಂದಿನಿಂದ ಅವಳಿಗೆ ಅದೇ ಹುಚ್ಚು. ಭಾನುವಾರ ಇಬ್ಬರೂ ಬಸ್ಸು ಹತ್ತಿ ಮೈಸೂರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಸುರುಳಿ ಹುಡುಕುತ್ತಿದ್ದರು. ಮದ್ದೂರಿನ ಒಂದು ಮನೆಯ ಅಟ್ಟದಲ್ಲಿ ಗೆದ್ದಲು ಹಿಡಿದ ಪಿಯಾನೋ ಕಂಡಾಗ ಅರ್ಪಿತ ಅವನ ಕೈ ಹಿಡಿದು ಕುಣಿದುಬಿಟ್ಟಿದ್ದಳು.

ಒಂದು ಸಂಜೆ ಅವನು ಬೆನ್ನು ತಿರುಗಿಸಿ, ಮದ್ದೂರಿನಿಂದ ತಂದ ಅದೇ ಪಿಯಾನೋದ ತಿದಿಗೆ ಬಟ್ಟೆ ಅಂಟಿಸುತ್ತಿದ್ದ. ಅವಳು ಧೈರ್ಯ ಮಾಡಿದಳು.

"ಯತೀಶ್... ನಾನು ನಿಮ್ಮನ್ನ ಪ್ರೀತಿಸ್ತೀನಿ."

ಅವನು ತಿರುಗಲೇ ಇಲ್ಲ.

'ಬೇಡ ಅಂತಾದರೂ ಅನ್ನಬಾರದಿತ್ತೇ?' ಕಣ್ಣೊರೆಸಿಕೊಂಡು ಹೊರಟವಳು ಮತ್ತೆ ಆ ಕಡೆ ಹೋಗಲಿಲ್ಲ. ಎದುರಾದರೂ ಮುಖ ತಿರುಗಿಸಿದಳು.

ಪಿಯಾನೋಗಳೆಲ್ಲ ಮಾರಾಟವಾದವು ಎಂಬ ಸುದ್ದಿ ಕಿವಿಗೆ ಬಿದ್ದಾಗ ಮಾತ್ರ ತಡೆಯಲಾಗಲಿಲ್ಲ. ಸಿಟ್ಟಿನಿಂದಲೇ ಹೋದಳು. ಬಾಗಿಲಲ್ಲಿ ಅವನ ತಾಯಿ ದೇವಿರಮ್ಮ ಕೂತಿದ್ದರು.

"ಅವ್ನಿಗೆ ಕಿವಿ ಓಯ್ತು ಕಣಮ್ಮ. ಶಾನೆ ದಿನದಿಂದ ಕಮ್ಮಿ ಆಯ್ತಾ ಇತ್ತಂತೆ, ನನ್ಗೂ ಯೋಳ್ಲಿಲ್ಲ. ಇನ್ನ ಬರಾಕಿಲ್ಲ ಅಂದ್ಬುಟ್ರು ಡಾಕ್ಟ್ರು."

ಅರ್ಪಿತಳಿಗೆ ಆ ಸಂಜೆ ನೆನಪಾಯಿತು. 'ಅಂದು ಅವನಿಗೆ... ಕೇಳಿಸಿಯೇ ಇರಲಿಲ್ಲ!'

ಒಳಗೆ ಯತೀಶ್ ಪಿಯಾನೋ ಮರಕ್ಕೆ ಅಂಗೈ ಊರಿ ನಿಂತಿದ್ದ. ಅವಳು ಮಾತಾಡದೆ ಕೂತು ತಿದಿ ತುಳಿದಳು. ಮರ ನಡುಗಿತು. ಅವನ ಕಣ್ಣು ತುಂಬಿತು.

"ಅದುರೋದು ಗೊತ್ತಾಯ್ತದೆ. ರಾಗ ಕೇಳಾಕಿಲ್ಲ," ಎಂದ. "ನಾಳೆ ಇವ್ನೆಲ್ಲ ಒಯ್ಯಾಕೆ ಲಾರಿ ಬತ್ತದೆ. ನೀವೂ ಓಗ್ಬುಡಿ ಅರ್ಪಿತ. ನನ್ ಜೊತೆ ಏನೈತೆ?"

ಅವಳು ಎದ್ದು, ಅವನ ಮುಖವನ್ನು ತನ್ನತ್ತ ತಿರುಗಿಸಿದಳು. ಒಂದೊಂದೇ ಪದವನ್ನು ಬಿಡಿಸಿ ಹೇಳಿದಳು.

"ಅವತ್ತೇ ಹೇಳಿದ್ದೆ... ನಾನು... ನಿಮ್ಮನ್ನ... ಪ್ರೀತಿಸ್ತೀನಿ."

ಅವನು ಅವಳ ತುಟಿಯನ್ನೇ ನೋಡಿದ. ಆ ಮಾತನ್ನು ಅಲ್ಲೇ ಓದಿಕೊಂಡ.

"ನಿಮ್ ದನಿ ಎಂಗಿತ್ತು ಅಂತ ಈಗ್ಲೇ ಮರೀತಾ ಇವ್ನಿ..."

"ಮರ್ತೋಗ್ಲಿ ಬುಡಿ," ಎಂದಳು ಅರ್ಪಿತ, ಅಳುತ್ತಲೇ. "ನಾನು ಇಲ್ಲೇ ಇರ್ತೀನಲ್ಲ."