ಮಾವನ ಮಗಳಿಗೊಂದು ಹಕ್ಕಸೋಡ ಪತ್ರ

ಸಮಸ್ತ ಬೈಲಹೊಂಗಲ ಜನತೆಗೆ ತಿಳಿಯಪಡಿಸುವುದೇನೆಂದರೆ, ಬಾಂಡ್ ರೈಟರ್ ಕಲ್ಮೇಶ ಈ ಸೋಮವಾರದಿಂದ ಚಹಾಕ್ಕೆ ಸಕ್ಕರೆ ಹಾಕಿಸಿಕೊಳ್ಳುತ್ತಿಲ್ಲ. ಕಾರಣ ಶುಗರ್ ಅಲ್ಲ, ಮಹಾನಂದಾ.

ಮಹಾನಂದಾ ಅವನ ಸೋದರಮಾವನ ಮಗಳು, ಮುರಗೋಡದ ಕಾಲೇಜಿನಲ್ಲಿ ಬಯಾಲಜಿ ಕಲಿಸುವವಳು. ತೊಟ್ಟಿಲಲ್ಲಿದ್ದಾಗಲೇ ಅವಳು ಕಲ್ಮೇಶನ ಹಕ್ಕಿನವಳೆಂದು ಹಿರಿಯರು ತೀರ್ಮಾನಿಸಿದ್ದರು. ಮನೆಯವರೇ ಗೊತ್ತುಮಾಡಿದ ಹುಡುಗಿಯನ್ನು ಕದ್ದುಮುಚ್ಚಿ ಪ್ರೀತಿಸಿದ ಪುಣ್ಯಾತ್ಮ ತಾಲೂಕಿನಲ್ಲಿ ಇವನೊಬ್ಬನೇ.

ಅವಳ ಬಸ್ಸಿನ ಹೊತ್ತಿಗೆ ಸರಿಯಾಗಿ ಇವನ ಪೆನ್ನು ಕಳೆದುಹೋಗುತ್ತಿತ್ತು. ಹುಡುಕುತ್ತ ಹುಡುಕುತ್ತ ಬಸ್ ಸ್ಟ್ಯಾಂಡಿನ ಕ್ಯಾಂಟೀನಿಗೆ ಬರುತ್ತಿದ್ದ. ಪೆನ್ನು ಅವನ ಕಿವಿಯ ಮೇಲೆಯೇ ಇರುತ್ತಿತ್ತು. ಅವಳು ಓರೆಗಣ್ಣಿನಲ್ಲಿ ನೋಡಿಯೂ ಹೇಳುತ್ತಿರಲಿಲ್ಲ. ಹೇಳಿದರೆ ಅವನು ಹೋಗಿಬಿಡುತ್ತಾನಲ್ಲ.

ಆಮೇಲೆ ರಿಪೋರ್ಟು ಬಂತು.

ಕಲ್ಮೇಶನ ತಂಗಿ ಭಾಗೀರಥಿಗೆ ಇಪ್ಪತ್ತು ವರ್ಷ. ಮಾತಿಲ್ಲ, ನಡೆದರೆ ತೂರಾಡುತ್ತಾಳೆ, ನೀರು ಕಂಡರೆ ನಗುತ್ತಾಳೆ, ಕಾಣದಿದ್ದರೂ ನಗುತ್ತಾಳೆ. ಬೆಳಗಾವಿಯ ಡಾಕ್ಟರು ಎರಡು ತಿಂಗಳ ಹಿಂದೆ ಅವಳ ರಕ್ತ ಪರೀಕ್ಷೆ ಮಾಡಿಸಿ, ಒಂದು ಜೀನು ಕೆಟ್ಟಿದೆ ಎಂದಿದ್ದರು. ಈ ಸೋಮವಾರ ಅವ್ವನ ರಿಪೋರ್ಟು ನೋಡಿ, ಅದು ತಾಯಿಯಿಂದ ಬಂದಿದೆ ಎಂದರು. ಕಲ್ಮೇಶ ಮುಂದಿನದನ್ನು ತಾನೇ ಭರ್ತಿ ಮಾಡಿಕೊಂಡ. ಅವ್ವನ ರಕ್ತ ತನ್ನಲ್ಲೂ ಇದೆ. ನಾಳೆ ತನ್ನ ಮಕ್ಕಳಿಗೂ ಇದೇ. ಮಹಾನಂದಾಳನ್ನು ಉಳಿಸಬೇಕು.

ಅಂದಿನಿಂದಲೇ ಅವನು ಚಹಾದ ಸಕ್ಕರೆ ಬಿಟ್ಟ, ಸಿಹಿಯ ಹಕ್ಕು ಇನ್ನು ತನಗಿಲ್ಲವೆಂದು. ನಾಲ್ಕನೆಯ ದಿನ ಛಾಪಾ ಕಾಗದ ತೆಗೆದು, ಹೊಲಮನೆಯ ಹಕ್ಕು ಬಿಡುವವರಿಗೆ ಬರೆದುಕೊಡುವ ಹಕ್ಕಸೋಡ ಪತ್ರವನ್ನು ಈ ಸಲ ತನಗೇ ಬರೆದುಕೊಂಡ.

ಕ್ಯಾಂಟೀನಿನಲ್ಲಿ ಮಹಾನಂದಾ ಅದನ್ನು ಓದಿದಳು. ‘ನನ್ನ ರಕ್ತದಲ್ಲಿರುವ ದೋಷದ ಕಾರಣ, ನನ್ನ ಹಕ್ಕಿನವಳನ್ನು ಸ್ವಖುಷಿಯಿಂದ ಬಿಟ್ಟುಕೊಟ್ಟಿರುತ್ತೇನೆ.’ ‘ಸ್ವಖುಷಿ’ಯ ಮೇಲೆ ಶಾಯಿ ಒದ್ದೆಯಾಗಿ ಹರಡಿತ್ತು.

“ಮಾಮಾ, ಇಷ್ಟ ಚಂದ ಬರ್ಯಾಕ ಬರತೈತೆಲ್ಲ ನಿನಗ, ಇದಽ ನಿನ್ನ ರಿಪೋರ್ಟು.”

ಅವಳು ಬಿಡಿಸಿ ಹೇಳಿದಳು. ಕಚೇರಿಯ ಕಾಗದಗಳಿಗೆ ಬೀಳುವಂತೆ ಕೆಲವು ಜೀನುಗಳಿಗೂ ಮುದ್ರೆ ಬೀಳುತ್ತದೆ, ಅಪ್ಪ ಕೊಟ್ಟ ಪ್ರತಿಗೆ ಒಂದು, ಅವ್ವ ಕೊಟ್ಟ ಪ್ರತಿಗೆ ಇನ್ನೊಂದು. ಈ ಜೀನಿನಲ್ಲಿ ಅಪ್ಪನ ಪ್ರತಿ ಮಿದುಳಿನೊಳಗೆ ಮಲಗಿಯೇ ಇರುತ್ತದೆ. ದುಡಿಯುವುದೆಲ್ಲ ಅವ್ವನ ಪ್ರತಿ. ಅವ್ವ ಕಲ್ಮೇಶನಿಗೂ ಕೆಟ್ಟ ಪ್ರತಿ ಕೊಟ್ಟಿದ್ದರೆ ಅವನೂ ಭಾಗೀರಥಿಯಂತೆಯೇ ಇರುತ್ತಿದ್ದ. ಇಲ್ಲ ಅಂದಮೇಲೆ ಅವನಿಗೆ ಸಿಕ್ಕಿದ್ದು ಒಳ್ಳೆಯದೇ.

ಅವನ ಮುಖ ಅರಳಬೇಕೆನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿದ್ದು ಕಂಡಿತು.

“ಹಂಗಾರ ನಮ್ಮವ್ವಗ ಎಲ್ಲಿಂದ ಬಂತು?”

“ಅಜ್ಜನಿಂದ. ಅಪ್ಪ ಕೊಟ್ಟದ್ದು ನೋಡು, ಅತ್ತಿಯೊಳಗ ಮಲಗಿತ್ತು. ಅದಽ ಅಜ್ಜನ ಮಗ ನಮ್ಮಪ್ಪ. ನಮ್ಮಪ್ಪನ ಮಗಳು ನಾ.”

ಭಾಗೀರಥಿಯ ಜೀನಿನ ಸುದ್ದಿ ಕೇಳಿದಾಗಲೇ ಮಾಡಿಸಿಕೊಂಡಿದ್ದ ತನ್ನ ರಿಪೋರ್ಟನ್ನು ಬ್ಯಾಗಿನಿಂದ ತೆಗೆದಿಟ್ಟಳು. ಮೂರು ವಾರದಿಂದ ಮಡಿಚಿ ಮಡಿಚಿ ಅದರ ಮಡಿಕೆ ಹರಿದಿತ್ತು. ಕೆಟ್ಟ ಪ್ರತಿ ಅವಳಲ್ಲಿತ್ತು. ಅವಳಿಗೇನೂ ಆಗುವುದಿಲ್ಲ. ಅವಳು ತಾಯಿಯಾದರೆ ಮಾತ್ರ ಅದಕ್ಕೆ ತಾಯಿಯ ಮುದ್ರೆ ಬೀಳುತ್ತದೆ. ಪ್ರತಿ ಬಸಿರಿನಲ್ಲೂ ಅರ್ಧಕ್ಕರ್ಧ ಭಯ. ಯಾರನ್ನು ಮದುವೆಯಾದರೂ ಅಷ್ಟೇ. ಅವನ ತ್ಯಾಗದಿಂದ ಉಳಿಯುವವರು ಯಾರೂ ಇರಲಿಲ್ಲ.

“ನಾನೂ ಬಿಡಾಕಽ ಬಂದೇನಿ ಮಾಮಾ. ಬ್ಯಾರೆದಾಕಿನ್ನ ನೋಡ್ಕೊ.”

ಮುರಗೋಡದ ಬಸ್ಸು ಹಾರ್ನ್ ಹಾಕಿತು. ಅವಳು ಏಳಲಿಲ್ಲ.

“ಭಾಗೀಗ ದಿನಾ ಉಣಸಾಂವ ನಾನಽ,” ಎಂದ ಅವನು. “ಅಂಥಾದೊಂದು ಕೂಸು ನನಗ ಹೊಸಾದಲ್ಲ. ನೀ ಇಲ್ಲದ ಮನಿ ಹೊಸಾದು.”

“ನಾ ಹಡಿಯೂದಽ ಇಲ್ಲ ಅಂದ್ರ?”

“ನಾ ನಿನ್ನ ಕೇಳೇನಿ. ಕೂಸಿನ್ನ ಕೇಳಿಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಆದರೂ ತಾನು ಬಿಟ್ಟಾಯಿತು ಎಂದಳು. ಅವನು ತನ್ನ ಪತ್ರವನ್ನು ಎಳೆದುಕೊಂಡು, ದೋಷ ತನ್ನಲ್ಲಿ ಇಲ್ಲದ್ದರಿಂದ ಇದು ನಡೆಯುವುದಿಲ್ಲವೆಂದು ನಾಲ್ಕು ತುಂಡು ಮಾಡಿದ.

“ಇನ್ನ ನಿಂದು. ಬಾಯಿಲೆ ಬಿಟ್ಟ ಹಕ್ಕು ನಮ್ಮ ಆಫೀಸಿನ್ಯಾಗ ನಡಿಯೂದಿಲ್ಲ. ಬರದು ಸಹಿ ಮಾಡಬೇಕು.”

“ಪೆನ್ನ ಕೊಡು ಹಂಗಾರ.”

ಅವನು ಅಂಗಿಯ ಕಿಸೆ ತಡಕಿದ, ಪ್ಯಾಂಟಿನದು ತಡಕಿದ, ಮೇಜಿನ ಕೆಳಗೂ ಬಗ್ಗಿ ನೋಡಿದ. ಪೆನ್ನು ಕಳೆದಿತ್ತು.

ಮಹಾನಂದಾ ಅವನ ಕಿವಿಯ ಕಡೆ ನೋಡಿದಳು. ಹೇಳಲಿಲ್ಲ.