ಗಂಗಕ್ಕನನ್ನು ಕೇಳಿಕೊಂಡು ಬಂದವಳು

ಆಗಷ್ಟೇ ಓದು ಮುಗಿಸಿದ ನಿಹಾರಿಕಾ ಅಂಗಡಿ ಎಂಬ ಹುಡುಗಿ ಶಿರಸ್ತ್ರಾಣ ತೊಟ್ಟು ಮಲಗಿದ್ದು ಒಂದೇ ಗಂಟೆ. ಎದ್ದಾಗ ಅವಳ ತಲೆಯಲ್ಲಿ ಎರಡು ವರ್ಷದ ನೌಕರಿಯ ನೆನಪಿತ್ತು. ಶಿರಸ್ತ್ರಾಣದೊಳಗಿನ ಸಣ್ಣ ಸುರುಳಿಗಳು ಮಿದುಳಿಗೆ ಕಾಂತೀಯ ಮಿಡಿತಗಳನ್ನು ಕಳಿಸಿ, ನಡೆಯದ ದಿನಗಳನ್ನು ನಡೆದಂತೆಯೇ ಅಚ್ಚೊತ್ತುತ್ತಿದ್ದವು. ಇನ್ನು ನಾಲ್ಕು ದಶಕ ಕಳೆದ ಮೇಲಿನ ಮಾತಿದು. ಧಾರವಾಡದ ಬಳಿಯ ಹೊಸ ವಿಶ್ವವಿದ್ಯಾಲಯದಲ್ಲಿ ಇದನ್ನು ಕಂಡುಹಿಡಿದವಳು ಡಾ. ಇಂದುಮತಿ ಕಮ್ಮಾರ. ಓದು ಮುಗಿಸಿದ ಮಕ್ಕಳು ಕೆಲಸದ ಮೊದಲ ದಿನ ಪಿಳಿಪಿಳಿ ಕಣ್ಣು ಬಿಡುತ್ತಾ ನಿಲ್ಲಬಾರದು ಎಂಬುದಷ್ಟೇ ಅವಳ ಆಸೆಯಾಗಿತ್ತು.

ನಿಹಾರಿಕಾಳಿಗೆ ನಗರದ ನೀರು ಶುದ್ಧೀಕರಣ ಘಟಕದಲ್ಲಿ ಕೆಲಸ ಸಿಕ್ಕಿತು. ರಾಡಿ ನೀರು ತಿಳಿಯಾಗಲು ಎಷ್ಟು ಆಲಂ ಹಾಕಬೇಕು, ಯಾವ ವಾಸನೆ ಬಂದರೆ ಕೊಳವೆ ಮುಚ್ಚಬೇಕು, ಎಲ್ಲವೂ ಅವಳಿಗೆ ಮೊದಲೇ ಗೊತ್ತು. ಯಾರನ್ನೂ ಏನನ್ನೂ ಕೇಳಬೇಕಾಗಲಿಲ್ಲ.

ಕೆಲವು ತಿಂಗಳಾದ ಮೇಲೆ ಅವಳು ಇಂದುಮತಿಯ ಪ್ರಯೋಗಾಲಯಕ್ಕೆ ಬಂದಳು. ಮುಖ ಬಾಡಿತ್ತು.

"ಮೇಡಂ, ಗಂಗಕ್ಕನ್ನ ಒಮ್ಮೆ ನೋಡಬೇಕಿತ್ರೀ."

ಗಂಗಕ್ಕನೆಂದರೆ ಕೆಲಸ ಕಲಿಸಲೆಂದು ಇಂದುಮತಿ ಆ ನೆನಪುಗಳೊಳಗೆ ಕಲ್ಪಿಸಿ ಸೇರಿಸಿದ್ದ ಹಿರಿಯ ಸಹೋದ್ಯೋಗಿ.

"ಅಂಥಾಕಿ ಯಾರೂ ಇಲ್ಲವ್ವಾ. ನಾನ ಕಟ್ಟಿದಾಕಿ."

"ಗೊತ್ತೈತ್ರೀ. ಆದ್ರ ನಾ ತಪ್ಪು ಮಾಡಿದಾಗ ಅಕಿ ನಕ್ಕು, ಇನ್ನೊಮ್ಮೆ ಮಾಡು ಅಂತಿದ್ಲು. ತನ್ನ ಡಬ್ಬಿಯಾಗಿನ ರೊಟ್ಟಿ ಮುರದು ಕೊಡ್ತಿದ್ಲು. ಇಲ್ಲಿ ನನ್ನ ಜೋಡಿ ಯಾರೂ ಉಣ್ಣಂಗಿಲ್ಲ. ಬರೇ ಊಟದ ಹೊತ್ತಿನಷ್ಟರ ನನ್ನ ಮತ್ತ ಆ ನೆನಪಿನೊಳಗ ಕಳಸ್ರಿ."

ಎರಡನೇ ಸಲ ಅಚ್ಚೊತ್ತಿದರೆ ನಿಜವಾದ ನೆನಪುಗಳೇ ಕಲಸಿಹೋಗುವ ಅಪಾಯವಿತ್ತು. ಇಂದುಮತಿ ಆಗದೆಂದಳು. ಹುಡುಗಿ ಅಳಲಿಲ್ಲ, ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಮನಸ್ಸು ತಡೆಯದೆ ಮರುವಾರ ಇಂದುಮತಿ ಘಟಕಕ್ಕೆ ಹೋದಾಗ ನಿಹಾರಿಕಾಳ ಕುರ್ಚಿ ಖಾಲಿ. ಕೆಲಸ ಬಿಟ್ಟಿದ್ದಳು. ನಿವೃತ್ತಿ ಹತ್ತಿರವಾಗಿದ್ದ ರೇಣುಕಾಬಾಯಿ ಪಕ್ಕದ ಮೇಜಿನಲ್ಲಿ ಒಬ್ಬಳೇ ಉಣ್ಣುತ್ತಿದ್ದಳು.

"ಆ ಹುಡುಗಿನ್ನ ನೀವು ಮಾತಾಡಸ್ತಿರಲಿಲ್ಲೇನ್ರೀ?"

"ಏನಂತ ಮಾತಾಡಸೂದ್ರೀ? ಮೊದಲೆಲ್ಲಾ ಹೊಸಬರು ಅಂಜಿಕೋತ ಬಂದು, ಅದು ಹೆಂಗ, ಇದು ಹೆಂಗ ಅಂತ ಕೇಳ್ತಿದ್ರು. ಹೇಳಿಕೊಡೂದ್ರಾಗ ಮನಿ ಮಾತು, ಮಕ್ಕಳ ಮಾತು ಬರ್ತಿದ್ವು. ಈಗಿನವ್ರಿಗೆ ಎಲ್ಲಾ ಬರ್ತೈತಿ. ನಾವ್ಯಾಕ ಬೇಕು ಅಂತ ಸುಮ್ಮನಾದ್ವಿ." ಡಬ್ಬಿ ಮುಚ್ಚುತ್ತಾ, "ಭಾಳ ಗರ್ವದಾಕಿ ಅಂದ್ಕೊಂಡಿದ್ದೆ ನೋಡ್ರಿ," ಎಂದಳು.

ಅಚ್ಚೊತ್ತುವಾಗ ಮೊದಲ ಕೆಲವು ತಿಂಗಳ ನೆನಪನ್ನಾದರೂ ಬಿಟ್ಟುಬಿಡೋಣ, ಹೊಸಬರಿಗೆ ಕೇಳಲು ಏನಾದರೂ ಉಳಿಯಲಿ ಎಂದು ಇಂದುಮತಿ ವಿಶ್ವವಿದ್ಯಾಲಯದ ಸಭೆಯಲ್ಲಿ ಬೇಡಿಕೊಂಡಳು. ಕುಲಪತಿಗಳು ನಕ್ಕರು. ಎರಡು ವರ್ಷ ಸಾಲದು, ಹತ್ತು ವರ್ಷದ ಅನುಭವ ಅಚ್ಚೊತ್ತಿ ಕಳಿಸಿ ಎಂದು ಕಂಪನಿಗಳು ಆಗಲೇ ಕೇಳಿದ್ದವು. ಹತ್ತು ವರ್ಷಕ್ಕೆ ಹೊಂದುವಂತೆ ಗಂಗಕ್ಕನ ಕೂದಲು ನರೆಸಿ, ಮುಖಕ್ಕೆ ಸುಕ್ಕು ಸೇರಿಸಲು ಇಂದುಮತಿಗೇ ಹೇಳಿದರು. ಅವಳು ಸೇರಿಸಿದಳು.

ಆ ಕೆಲಸ ಮಾಡುತ್ತಾ ಅವಳಿಗೆ ಹಳೆಯ ಕಾಲದವರ ಮೇಲೆ ಹೊಟ್ಟೆಕಿಚ್ಚಾಯಿತು. ಕೆಲಸದ ಮೊದಲ ದಿನ ಯಾರನ್ನು ಕೇಳುವುದೆಂದು ತಿಳಿಯದೆ, ಕಚೇರಿಯ ಬಾಗಿಲಲ್ಲಿ ಬೆವರುತ್ತಾ ನಿಲ್ಲುವ ಮಕ್ಕಳು ಆಗ ಇನ್ನೂ ಇದ್ದರು. ಒಳಗಿನಿಂದ ಯಾರಾದರೊಬ್ಬರು ತಲೆಯೆತ್ತಿ, "ಬಾ, ಕೂಡು" ಅನ್ನುತ್ತಿದ್ದರು. ಬಾಗಿಲಲ್ಲಿ ನಿಂತ ಆ ಗಳಿಗೆಯನ್ನು ಅವರೆಲ್ಲ ಕಷ್ಟವೆಂದೇ ತಿಳಿದಿದ್ದರು.