ಹೊಸ ಪುಸ್ತಕದ ಸರದಿ

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ನನ್ನ ಕೈ ಗಂಡ ಮಧ್ವೇಶನ ಊಟದ ಡಬ್ಬಿಗೂ ಸೇರಿಸಿಯೇ ಚಪಾತಿ ಹಿಟ್ಟು ನಾದಿತು.

ಸೂತಕ ಕಳೆದಿತ್ತು. ದೇವರ ಮನೆಯಲ್ಲಿ ಅತ್ತೆ ದೀಪ ಹಚ್ಚಿದ್ದರು. ದೀಪದ ಪಕ್ಕದಲ್ಲಿ ಅವನು ಓದುತ್ತಿದ್ದ ಮರಾಠಿ ಪುಸ್ತಕ. ಮುಖಪುಟದ ವಿಠ್ಠಲನ ಚಿತ್ರಕ್ಕೆ ಗಂಧ, ತುಳಸಿ.

"ಅತ್ತೆ, ಅದು ಲೈಬ್ರರಿದು."

"ದಿನಾ ಓದ್ತಿದ್ದನಲ್ಲ. ಪಾರಾಯಣದ ಪೋಥಿ ಅದು. ಮುಟ್ಟಬ್ಯಾಡ."

ಕಪಾಟಿನಲ್ಲಿ ಅವನ ಫೋನು ಗುಂಯ್‌ಗುಟ್ಟಿತು. ಲೈಬ್ರರಿಯ ಮೆಸೇಜು: ಅವಧಿ ಮುಗಿದಿದೆ, ಮುಂದಿನ ಓದುಗರು ಕಾಯುತ್ತಿದ್ದಾರೆ.

ಮುಂದಿನ ಓದುಗಾರ್ತಿ ನಾನೇ.

ಈ ಮರಾಠಿ ಊರಿನ ಲಕ್ಷ್ಮೀ ನಗರದ ಆ ಲೈಬ್ರರಿಯಲ್ಲಿ ಹೊಸ ಪುಸ್ತಕ ಬೇಕಾದರೆ ಹೆಸರು ಬರೆಸಿ ಕಾಯಬೇಕು. ಮದುವೆಗೆ ಮುಂಚೆ ನಾನು ತತ್ತ್ವಶಾಸ್ತ್ರದ ಎಂ.ಎ. ಓದುತ್ತಿದ್ದೆ. ಧರ್ಮದ ಯಾವ ಪುಸ್ತಕ ಕೇಳಿದರೂ ನನಗಿಂತ ಮುಂಚೆ ಅವನ ಹೆಸರು. ಅವನೂ ಕನ್ನಡದವನೆಂದು ಗೊತ್ತಾದ ದಿನ ಸಿಟ್ಟಿನಿಂದಲೇ ಕೇಳಿದೆ.

"ಪವರ್ ಸ್ಟೇಷನ್‌ನವರಿಗೆ ಉಪನಿಷತ್ತು ಯಾಕ್ರೀ?"

"ಖಾಪರಖೇಡಾ ಪ್ಲಾಂಟಿನ ಹೊಗಿ ನೋಡಿ ನೋಡಿ ವೈರಾಗ್ಯ ಬಂದದ್ರೀ."

ಕಣ್ಣಲ್ಲಿ ವೈರಾಗ್ಯವಿರಲಿಲ್ಲ. ಅವು ನನ್ನ ಜುಮುಕಿಯ ಮೇಲಿದ್ದವು.

ಅವನು ಹಿಂತಿರುಗಿಸುವ ದಿನ ನಾನು ಕೌಂಟರಿನ ಬಳಿ ಕಾಯತೊಡಗಿದೆ. "ಕಡೀ ಅಧ್ಯಾಯ ಹೇಳಿಬಿಡ್ಲೇನ್ರೀ?" ಎಂದು ಕಾಡುತ್ತಿದ್ದ. ಒಮ್ಮೆ ಪುಸ್ತಕದ ತುದಿಯನ್ನು ಬಿಡದೆ ಹಿಡಿದುಕೊಂಡ.

"ನನ್ನ ಹಿಂದ ಪಾಳಿ ಹಚ್ಚಿದ್ದು ಸಾಕ್ರೀ. ಬಾಜೂಕ ಬಂದು ನಿಲ್ರಿ."

ಮದುವೆಯಾದ ಮೇಲೂ ಅವನ ದಿಂಬಿನ ಬಳಿಯ ಪುಸ್ತಕವನ್ನು ನಾನು ಮುಟ್ಟುತ್ತಿರಲಿಲ್ಲ. "ನನ್ನ ಪಾಳಿ ಬರಲಿ" ಎನ್ನುತ್ತಿದ್ದೆ. ಇಬ್ಬರೂ ಲೈಬ್ರರಿಗೆ ಹೋಗುತ್ತಿದ್ದೆವು. ಅವನು ಕೊಡುತ್ತಿದ್ದ, ನಾನು ಅಲ್ಲೇ ಪಡೆಯುತ್ತಿದ್ದೆ. ಈ ಸಲ ಡ್ಯೂಟಿ ಮುಗಿಸಿ ಬರುವಾಗ ಲಾರಿಯೊಂದು ಅವನ ಬೈಕಿಗೆ ಬಡಿಯಿತು.

ಬಟ್ಟೆಗಳನ್ನು ಕೊಟ್ಟಾಗಿತ್ತು. ಈ ಪುಸ್ತಕವನ್ನೂ ಕೊಟ್ಟರೆ, ಅವನು ಬರಬೇಕೆಂದು ಕಾಯುವ ಜಾಗ ಈ ಊರಿನಲ್ಲಿ ಒಂದೂ ಉಳಿಯುವುದಿಲ್ಲ. ಕೊಡದಿದ್ದರೆ ನನ್ನ ಸರದಿ ಬರುವುದಿಲ್ಲ.

"ಅತ್ತೆ, ಅವರ ಹೆಸರಿಲೆ ತಂದದ್ದು. ವಾಪಸ್ ಮುಟ್ಟಿಸಿ, ನನ್ನ ಹೆಸರಿಲೆ ಮತ್ತ ತರ್ತೀನಿ."

"ಬರೋಬರ್ ತರ್ತೀಯಲ್ಲ?"

"ತರ್ತೀನಿ."

ಅವರೇ ತುಳಸಿ ತೆಗೆದು, ಸೆರಗಿನಿಂದ ಗಂಧ ಒರೆಸಿದರು. ಕಲೆ ಹೋಗಲಿಲ್ಲ.

ಕೌಂಟರಿನ ಹೆಂಗಸು ಅವನನ್ನು ಹುಡುಕುವಂತೆ ನನ್ನ ಹಿಂದೆ ನೋಡಿದಳು. "ಸರ್ ನಾಹೀ ಆಲೇ?"

"ನಾಹೀ."

ಅವರು ಓದಿ ಮುಗಿಸಿದರೇ ಎಂದು ಕೇಳಿದಳು. ನಾನು ಪುಸ್ತಕ ತೆರೆದೆ. ನಡುವೆ ಅವನು ಇಟ್ಟಿದ್ದ ಬಸ್ ಟಿಕೆಟು. ಅಲ್ಲಿಂದ ಮುಂದೆ ಹಾಳೆಗಳಿನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಹೊಸ ಪುಸ್ತಕ. ಕೊನೆಯ ಅಧ್ಯಾಯ ಹೇಳಿಬಿಡುತ್ತೇನೆಂದು ನನ್ನನ್ನು ಕಾಡಲು ಇನ್ನು ಯಾರೂ ಇಲ್ಲ.

"ಇಲ್ಲ" ಎಂದೆ, ಕನ್ನಡದಲ್ಲೇ.

ಆಕೆ ಪುಸ್ತಕವನ್ನು ಎಳೆದುಕೊಂಡಳು. ಅದು ಬರಲಿಲ್ಲ. ತುದಿ ನನ್ನ ಕೈಯಲ್ಲಿತ್ತು.

ಬಿಟ್ಟೆ.